ಬ್ಯಾಂಡೇಜು ಬಿಚ್ಚುವ ಮೊದಲೇ ಶಾಲು

ಹೋದ ಬುಧವಾರ ನನ್ನ ಫೋಟೊ ಕೋರ್ಟಿನ ಮೆಟ್ಟಿಲೇರಿತು. ಅದೂ ನನ್ನ ಸ್ನೇಹಿತನ ವಿರುದ್ಧ ಸಾಕ್ಷಿಯಾಗಿ!

ಫೋಟೊದಲ್ಲಿ ಮೂವರಿದ್ದೇವೆ. ನಡುವೆ ಹಾರ ಹಾಕಿಕೊಂಡ ಒಬ್ಬ ಸರ್ಜನ್. ಎಡಕ್ಕೆ ನಾನು, ಅವರಿಗೆ ಹೊದಿಸಿದ ಶಾಲಿನ ಅಂಚು ಸರಿಮಾಡುತ್ತಿದ್ದೇನೆ. ಬಲಕ್ಕೆ ಖಾಜಾ. ಬಲಗೈಗೆ ಬ್ಯಾಂಡೇಜು, ಎಡಗೈಯಲ್ಲಿ ಹಣ್ಣಿನ ಬುಟ್ಟಿ, ಮುಖದ ತುಂಬಾ ನಗು.

ಖಾಜಾ ನಮ್ಮ ಬಳ್ಳಾರಿಯ ಬ್ರೂಸ್‌ಪೇಟೆಯ ದರ್ಜಿ. ಮೂಲ ಕುರುಗೋಡು. ಇಪ್ಪತ್ತು ವರ್ಷದಿಂದ ನನ್ನ ಪ್ಯಾಂಟು ಹೊಲಿಯುವವನು ಅವನೇ. (ನನ್ನ ಹೊಟ್ಟೆ ಯಾವ ವರ್ಷ ಎಷ್ಟು ಇಂಚು ಮುಂದೆ ಬಂತು ಎಂಬುದು ನನ್ನ ಹೆಂಡತಿಗಿಂತ ಅವನಿಗೇ ಚೆನ್ನಾಗಿ ಗೊತ್ತು.) ಎರಡು ವರ್ಷದ ಹಿಂದೆ ಅವನ ಬಲಗೈ ಮಣಿಕಟ್ಟಿನಲ್ಲಿ ಒಂದು ಗಂಟು ಎದ್ದಿತು. ಅಂಥ ನೋವೇನಿರಲಿಲ್ಲ. ಕತ್ತರಿ ಹಿಡಿದಾಗ ಅಡ್ಡ ಬರುತ್ತದೆ ಎಂದ. ಊರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಸಣ್ಣ ಆಪರೇಷನ್, ಮೂರನೇ ದಿನ ಮನೆಗೆ ಎಂದರು. ಹಾಗೆಯೇ ಆಯಿತು.

ಆಗ ನಾವು, ಬಳ್ಳಾರಿಯವರಿಗೆ ಮಾತ್ರ ಹೊಳೆಯುವಂಥ ಒಂದು ಕೆಲಸ ಮಾಡಿದೆವು.

ನಮ್ಮ ಸನ್ಮಾನದ ಹುಚ್ಚು ನಿಮಗೆ ಗೊತ್ತಲ್ಲ? ವರ್ಗವಾಗಿ ಬಂದವರಿಗೆ ಶಾಲು, ವರ್ಗವಾಗಿ ಹೋಗುವವರಿಗೂ ಶಾಲು. ಗಂಟು ತೆಗೆದ ಡಾಕ್ಟರಿಗೆ ಬೇಡವೇ? ಡಿಸ್ಚಾರ್ಜ್ ದಿನವೇ ಶಾಲು, ಹಾರ, ಹಣ್ಣು ಒಯ್ದೆವು. ಬ್ಯಾಂಡೇಜು ಬಿಚ್ಚುವ ತನಕವಾದರೂ ಕಾಯೋಣ ಎಂದು ಯಾರಿಗೂ ಅನ್ನಿಸಲಿಲ್ಲ. "ಬೆರಳು ಜೋಮು ಹಿಡದಂಗ ಐತ್ರಿ" ಎಂದು ಖಾಜಾ ಹೇಳಿದ್ದ. "ಎರಡು ವಾರದಾಗ ಹೋಗ್ತೈತಿ ಬಿಡು" ಎಂದರು ಡಾಕ್ಟರು. ಫೋಟೊ ಆಸ್ಪತ್ರೆಯ ಗೋಡೆ ಸೇರಿತು.

ಜೋಮು ಹೋಗಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರಕ್ಕೂ ಸ್ಪರ್ಶವೇ ಇಲ್ಲ. ಒಂದು ದಿನ ನನ್ನ ಬಿಳಿ ಶರ್ಟಿಗೆ ಗುಂಡಿ ಹಚ್ಚುತ್ತಿದ್ದ. ನೋಡಿದರೆ ಬಟ್ಟೆಯ ಮೇಲೆ ರಕ್ತದ ಚುಕ್ಕೆಗಳು. ಸೂಜಿ ಬೆರಳಿಗೆ ಹೊಕ್ಕಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ನಾನು ಗಾಬರಿಯಿಂದ ಕೂಗಿಕೊಂಡೆ. ಅವನು ಶರ್ಟಿನ ಕಲೆ ನೋಡಿ, "ತಪ್ಪಾತು ಸಾರ್" ಎಂದ!

ಈಗ ಮಷೀನಿನ ಮೇಲೆ ಅವನ ಹೆಂಡತಿ ಕೂರುತ್ತಾಳೆ. ಅವನು ಪಕ್ಕದಲ್ಲಿ ನಿಂತು ಅಳತೆ ಹೇಳುತ್ತಾನೆ.

ಆ "ತಪ್ಪಾತು" ಡಾಕ್ಟರ ಬಾಯಿಂದ ಬಂದಿದ್ದರೆ ಕೇಸೇ ಇರುತ್ತಿರಲಿಲ್ಲ. ಮೂರು ಸಲ ಹೋಗಿ ಕೇಳಿದ. ಎಕ್ಸರ್‌ಸೈಜ್ ಮಾಡು ಎಂದರು. ನಾಲ್ಕನೇ ಸಲ ಒಳಗೇ ಬಿಡಲಿಲ್ಲ. "ನನ್ನ ಕೈ ಹಿಂಗ್ಯಾಕಾತು ಅಂತ ಯಾರರ ಒಬ್ರು ಹೇಳ್ಬೇಕಲ್ರಿ ಸಾರ್" ಎಂದು ವಕೀಲರ ಹತ್ತಿರ ನಡೆದ.

ಬೇರೆ ಡಾಕ್ಟರ ಅಭಿಪ್ರಾಯ ತನ್ನಿ, ಬರವಣಿಗೆಯಲ್ಲಿ ಎಂದರು ವಕೀಲರು. ಬಳ್ಳಾರಿಯಲ್ಲಿ ತೋರಿಸಿದವರೆಲ್ಲ ಕೈ ನೋಡಿದರು, ತುಟಿ ಕಚ್ಚಿದರು, ಪೆನ್ನು ಮಾತ್ರ ಮುಟ್ಟಲಿಲ್ಲ. ಊರು ಬಿಟ್ಟರೆ ಧೈರ್ಯದವರು ಸಿಕ್ಕಾರೆಂದು ಸಿರುಗುಪ್ಪಕ್ಕೆ ಹೋದೆವು. ಅಲ್ಲಿಯ ಹಿರಿಯ ಡಾಕ್ಟರೊಬ್ಬರು ಖಾಜಾನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು.

"ನರ ತುಂಡಾಗೈತಪಾ. ಆವಾಗ್ಲೇ ನೋಡಿದ್ರ ಜೋಡಿಸಬಹುದಿತ್ತು."

"ಇಷ್ಟೇ ಬರದು ಕೊಡ್ರಿ ಸಾರ್" ಎಂದ ಖಾಜಾ.

ಅವರು ಖಾಜಾನ ಕೈಯನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನಾಳಿ ನಂದೂ ಕೈ ತಪ್ಪಬಹುದು. ಅವತ್ತು ನನ್ನ ಹಿಂದ ನಿಂದ್ರೋರು ಈ ಡಾಕ್ಟರುಗಳೇ ಅಲ್ಲೇನ್ರಿ?" ಎಂದರು.

ಫೀಸು ಬೇಡವೆಂದರು. ಬಾಗಿಲ ತನಕ ಬಂದು ಕಳಿಸಿದರು. ಒಳ್ಳೆಯ ಮನುಷ್ಯ. ಅದೇ ನನ್ನ ಸಂಕಟ. ಕೆಟ್ಟವರಾಗಿದ್ದರೆ ನಾಲ್ಕು ಬೈದಾದರೂ ಬರಬಹುದಿತ್ತು. ಒಳ್ಳೆಯವರೂ ಹೀಗೆ ಹೆದರಿದರೆ ಖಾಜಾನಂಥವರು ಯಾರ ಬಾಗಿಲು ತಟ್ಟಬೇಕು?

ಕಾಗದವಿಲ್ಲದೆಯೇ ಕೇಸು ಹಾಕಿದ. ಬುಧವಾರ ಗ್ರಾಹಕರ ಆಯೋಗದಲ್ಲಿ ಆಸ್ಪತ್ರೆಯ ವಕೀಲರು ಫೋಟೊ ಎತ್ತಿ ಹಿಡಿದರು. "ಕೈ ಕೆಟ್ಟಿದ್ದರೆ ದೂರುದಾರರು ಹೀಗೆ ನಗುತ್ತಿದ್ದರೇ? ಪತ್ರಿಕೆಗೆ ಬರೆಯುವ ಇವರೇ ಖುದ್ದಾಗಿ ಬಂದು ಶಾಲು ಹೊದಿಸಿದ್ದಾರೆ." ನಮ್ಮ ವಕೀಲರು ಎದ್ದು, ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ ಎಂದರು. ಆಯೋಗದವರು ಅದನ್ನೂ ಬರೆದುಕೊಂಡರು. ಮುಂದಿನ ತಾರೀಖು ಕೊಟ್ಟರು.

ನಮ್ಮ ಕಡೆ ಒಂದು ಸಾಲಿನ ಕಾಗದವಿಲ್ಲ. ಅವರ ಕಡೆ ನಗುಮುಖವಿದೆ. ಗೆಲ್ಲುತ್ತೇವೆಂಬ ನಂಬಿಕೆ ನನಗೆ ಉಳಿದಿಲ್ಲ. (ನಿಮ್ಮೆದುರು ಸುಳ್ಳು ಧೈರ್ಯ ಯಾಕೆ?) ನಾಳೆ ಸೋತರೆ, ಅವನ ಕೈಗೆ ಏನೂ ಆಗಿಲ್ಲ ಎಂದೇ ಊರು ತಿಳಿಯುತ್ತದೆ.

ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿದೆವು. ಖಾಜಾ ಲೋಟವನ್ನು ಎಡಗೈಯಲ್ಲಿ ಹಿಡಿದಿದ್ದ. ಬಲಗೈಯಲ್ಲಿ ಹಿಡಿದರೆ ಬೆರಳು ಸುಟ್ಟರೂ ಅವನಿಗೆ ತಿಳಿಯುವುದಿಲ್ಲ.

"ಸಾರ್, ಅವತ್ತು ನಾ ನಕ್ಕಿದ್ದೇ ತಪ್ಪಾತೇನ್ರಿ?" ಎಂದು ಕೇಳಿದ.

ಅವತ್ತು ಕ್ಯಾಮೆರಾದ ಮುಂದೆ ಅವನು ಮುಖ ಗಂಟಿಕ್ಕಿಕೊಂಡೇ ನಿಂತಿದ್ದ. "ಒಂಚೂರು ನಗಪಾ, ಫೋಟೊ ಚಂದ ಬರ್ತೈತಿ" ಎಂದವನು ನಾನು.