ಶಾವಿಗೆ ಮಣೆಯ ಬಳಿ ಮಗುಚಿಟ್ಟ ಫೋನು

ಇದನ್ನು ನಾನು ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಕಲಿಸಿದವಳು ನನ್ನ ಮಗಳ ಮಗಳು. ಅವಳ ಮೇಲಿನ ದೂರನ್ನು ಅವಳೇ ಕಲಿಸಿದ ವಿದ್ಯೆಯಿಂದ ಬರೆಯುವುದರಲ್ಲಿ ನನಗೆ ಸ್ವಲ್ಪ ಖುಷಿಯೂ ಇದೆ.

ಮೊಮ್ಮಗಳು ಕಂಪ್ಯೂಟರ್ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ವಿಶ್ವವಿದ್ಯಾಲಯ ಎಷ್ಟು ದೊಡ್ಡದೆಂದರೆ ಹಾಸ್ಟೆಲಿನಿಂದ ಕ್ಲಾಸಿಗೆ ಹೋಗಲು ಒಳಗೇ ಬಸ್ಸು ಓಡುತ್ತದೆ. ಕೊನೆಯ ವರ್ಷ ಶುರುವಾಗುವ ಮೊದಲಿನ ಬೇಸಿಗೆಯಲ್ಲಿ ಅವಳು ರೋಣಕ್ಕೆ, ನನ್ನ ಮನೆಗೆ ಬಂದಳು. ಪೂರಾ ಹದಿನೈದು ದಿನ ಇದ್ದಳು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಎರಡನೇ ದಿನಕ್ಕೇ ನೆಟ್‌ವರ್ಕ್ ಇಲ್ಲ ಎಂದು ಬ್ಯಾಗು ತುಂಬುತ್ತಿದ್ದ ಹುಡುಗಿ ಅದು.

ನಾನೂ ನನ್ನ ಪಕ್ಕದ ಮನೆಯ ಗೆಳತಿಯೂ ನಲವತ್ತು ವರ್ಷಗಳಿಂದ ಪ್ರತಿ ಬೇಸಿಗೆ ನಮ್ಮ ಹಿತ್ತಲಿನಲ್ಲಿ ಕೂತು ಶಾವಿಗೆ ಹೊಸೆಯುತ್ತೇವೆ. ಅವಳು ಮಣೆಯ ಮೇಲೆ ಎಳೆ ಹೊಸೆಯುತ್ತಾಳೆ, ನಾನು ಅದನ್ನು ಕೋಲಿಗೆ ಇಳಿಬಿಡುತ್ತೇನೆ. ಶಾವಿಗೆ ಮಾಡುವ ಮಷಿನ್ನು ಊರಿಗೆ ಬಂದು ಎಷ್ಟೋ ಕಾಲವಾಯಿತು. ಆದರೆ ಮಷಿನ್ನಿನ ಸದ್ದಿನಲ್ಲಿ ಮಾತಾಡಲು ಆಗುವುದಿಲ್ಲ. ಕೈಗೆ ಕೆಲಸವಿದ್ದು, ಕಣ್ಣು ಹಿಟ್ಟಿನ ಮೇಲಿದ್ದರೆ ಎದುರಿನವರ ಮುಖ ನೋಡದೆ ಎಂಥ ಮಾತನ್ನಾದರೂ ಆಡಿಬಿಡಬಹುದು. ಗಂಡಂದಿರ ಸುದ್ದಿ, ಸೊಸೆಯರ ಸುದ್ದಿ, ನಮ್ಮದೇ ಹಳೆಯ ಸುದ್ದಿ, ಎಲ್ಲ ಅಲ್ಲಿ ಬರುತ್ತದೆ. ಅಲ್ಲಿ ಆಡಿದ್ದು ಅಲ್ಲೇ ಉಳಿಯಬೇಕು. ಇದಕ್ಕೆ ನಾವು ಆಣೆ ಪ್ರಮಾಣ ಮಾಡಿಕೊಂಡಿಲ್ಲ. ಮಾಡಿಕೊಳ್ಳುವ ಪ್ರಸಂಗವೇ ಬಂದಿರಲಿಲ್ಲ.

ಮೊಮ್ಮಗಳು ಬಂದ ಮರುದಿನವೇ ಮಣೆಯ ಬಳಿ ಕೂತಳು.

"ಆಯಿ, ನಾನೂ ಶ್ಯಾವಿಗಿ ಹೊಸಿತೇನಿ."

"ನೀ ಹೊಸದ್ರ ಅದು ಶ್ಯಾವಿಗಿ ಆಗಂಗಿಲ್ಲ, ಹಗ್ಗ ಆಕ್ಕೈತಿ" ಎಂದೆ.

"ಆಗ್ಲಿ ಬಿಡು. ನೀವಿಬ್ರು ಮಾತಾಡ್ರಿ, ನಾ ಕೇಳ್ತೇನಿ. ಸಣ್ಣಾಯಿ, ನೀ ಈ ಊರಿಗೆ ಬರೂಕಿಂತ ಮುಂಚಿಂದು ಹೇಳು."

ಆಯಿ ಎಂದರೆ ನಮ್ಮ ಕಡೆ ಅಜ್ಜಿ, ಸಣ್ಣಾಯಿ ಎಂದರೆ ನನ್ನ ಗೆಳತಿ. ಅವಳಿಗೆ ಮೊಮ್ಮಕ್ಕಳಿಲ್ಲ. ಆ ಕರೆಗೆ ಅವಳು ಬೆಣ್ಣೆಯಂತೆ ಕರಗುತ್ತಾಳೆ. ಹತ್ತು ದಿನ ನಾವಿಬ್ಬರೂ ಮಾತಾಡಿದ್ದೇ ಮಾತಾಡಿದ್ದು. ನಾನು ನನ್ನ ಅತ್ತೆಯ ನಡಿಗೆಯನ್ನೂ ಸೊಸೆಯ ಸಿಟ್ಟನ್ನೂ ಅಣಕಿಸಿದೆ. ಗೆಳತಿ ಒಂದು ಮಧ್ಯಾಹ್ನ, ಲಗ್ನಕ್ಕೆ ಮುಂಚಿನ, ಅವಳ ಗಂಡನಿಗೂ ಗೊತ್ತಿಲ್ಲದ ಒಂದು ವಿಷಯ ಹೇಳಿದಳು. ಅದೇನೆಂದು ಇಲ್ಲಿ ಬರೆಯುವುದಿಲ್ಲ. ನೀವು ಎಷ್ಟು ಕೇಳಿದರೂ ಬರೆಯುವುದಿಲ್ಲ. ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಮೊಮ್ಮಗಳ ಫೋನು ಮಗುಚಿ ಬಿದ್ದಿತ್ತು. ಕಣ್ಣಿಗೆ ಬಿಸಿಲು ಹೊಡೆಯದಿರಲಿ ಎಂದು ಮಗುಚಿರಬೇಕು ಎಂದುಕೊಂಡೆ. ಫೋನು ಮರೆತು ಮುದುಕಿಯರ ಬಳಿ ಕೂತಿದ್ದಾಳೆ ಪಾಪ ಎಂದು ಅವಳಿಗೆ ದಿನಾ ತುಪ್ಪ ಹೆಚ್ಚು ಬಡಿಸಿದೆ. ಸಂಜೆ ಅವಳು ನನಗೆ ಟೈಪು ಮಾಡಲು ಕಲಿಸುತ್ತಿದ್ದಳು.

ಮುಂದಿನ ವರ್ಷ ಅವಳ ಫೋನು ಬಂತು. "ಆಯಿ, ನನ್ನ ಪ್ರಾಜೆಕ್ಟ್ ಎಲ್ಲಾರಿಗೂ ತೋರಸೋದೈತಿ. ನೀ ಬರಾಕಬೇಕು."

ನಾನು ಗೆಳತಿಯನ್ನೂ ಹೊರಡಿಸಿದೆ. ಅವಳು ಒಲ್ಲೆ ಎಂದಳು.

"ಕಂಪ್ಯೂಟರ್ ನೋಡಿ ನಾ ಏನ ಮಾಡ್ಲಿ ಯಕ್ಕಾ?"

"ನಿನ್ನ ಮೊಮ್ಮಗಳ ಹೌದಲ್ಲೋ? ಸುಮ್ನ ಬಾ."

ಮೊಮ್ಮಗಳಿಗೆ ಹೇಳದೆ ಕರೆದೊಯ್ದು ಬೆರಗುಗೊಳಿಸಬೇಕೆಂದು ನನ್ನ ಹಂಚಿಕೆ. ಗೆಳತಿ ಹಬ್ಬಕ್ಕೆಂದು ತೆಗೆದಿಟ್ಟಿದ್ದ ಗಜೇಂದ್ರಗಡದ ಸೀರೆ ಉಟ್ಟಳು.

ದೊಡ್ಡ ಹಾಲ್. ಸಾಲು ಸಾಲು ಮೇಜು, ಒಂದೊಂದು ಮೇಜಿನ ಹಿಂದೆ ಒಂದೊಂದು ಮಗು ಕಂಪ್ಯೂಟರ್ ಇಟ್ಟುಕೊಂಡು ನಿಂತಿತ್ತು. ನಮ್ಮವಳು ನನ್ನ ಹಿಂದೆ ಗೆಳತಿಯನ್ನು ನೋಡಿದಳು.

"ಸಣ್ಣಾಯಿನೂ ಬಂದಾಳ?" ಎಂದವಳ ಮುಖ ಬಿಳಿಚಿತು. ದಣಿವಿರಬೇಕು ಎಂದು ನಾನು ತಿಳಿದೆ.

ಅಷ್ಟರಲ್ಲಿ ಅವಳ ಗುರುಗಳಾದ ಮೇಡಂ ನಾಲ್ಕೈದು ಜನರನ್ನು ಕರೆತಂದರು. ಮೊಮ್ಮಗಳು ನನ್ನನ್ನಷ್ಟೇ ಅಜ್ಜಿ ಎಂದು ತೋರಿಸಿದಳು, ಆಮೇಲೆ ವಿವರಿಸಲೇಬೇಕಾಯಿತು. ನಮ್ಮ ಕಡೆಯ ಮಾತು ಯಂತ್ರಗಳಿಗೆ ತಿಳಿಯುವುದಿಲ್ಲವಂತೆ. ಪುಸ್ತಕದ ಕನ್ನಡವನ್ನಷ್ಟೇ ಅವು ಕಲಿತಿವೆಯಂತೆ. ಇವಳು ನಮ್ಮವರ ಮಾತು ಕೇಳಿಸಿ ಕೇಳಿಸಿ, ಆಡಿದ್ದನ್ನು ಹಾಗೇ ಬರೆದು ತೋರಿಸುವಂತೆ ಯಂತ್ರಕ್ಕೆ ಕಲಿಸಿದ್ದಾಳಂತೆ. ಮೇಡಂ ಗುಂಡಿ ಒತ್ತಿದರು.

ಹಾಲ್ ತುಂಬ ನನ್ನ ದನಿ. ನಾನು ಅತ್ತೆಯನ್ನು ಅಣಕಿಸುತ್ತಿದ್ದೇನೆ! ಪರದೆಯ ಮೇಲೆ ಅಕ್ಷರಗಳು ಸಾಲಾಗಿ ಮೂಡುತ್ತಿವೆ. ಜನ ನಕ್ಕರು, ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೆ ಹೆಮ್ಮೆಯೇ ಆಯಿತು. ಸೆರಗು ಸರಿಮಾಡಿಕೊಂಡು ನಾನೇ ಅವಳು ಎಂಬಂತೆ ಸುತ್ತ ನೋಡಿದೆ.

ಆಮೇಲೆ ಗೆಳತಿಯ ದನಿ ಬಂತು. ಆ ಮಧ್ಯಾಹ್ನದ ಮಾತು. ಅವಳು ಮಣೆಯ ಮೇಲೆ ಬಗ್ಗಿ ಮೆಲ್ಲಗೆ ಆಡಿದ್ದು ಅಲ್ಲಿ ಎಲ್ಲರ ತಲೆಯ ಮೇಲೆ ಗಟ್ಟಿಯಾಗಿ ಕೇಳಿಸಿತು, ಬರಹದಲ್ಲಿಯೂ ಕಾಣಿಸಿತು. ಮೊಮ್ಮಗಳು ಓಡಿಹೋಗಿ ನಿಲ್ಲಿಸುವುದರೊಳಗೆ ಮುಗಿದೇ ಹೋಗಿತ್ತು. ಗೆಳತಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು.

"ಒಂದೂ ತಪ್ಪಿಲ್ಲ ನೋಡ್ರಿ, ಎಷ್ಟ ಕರೆಕ್ಟ್ ಬರದೈತಿ!" ಎಂದು ಮೇಡಂ ಉಳಿದವರಿಗೆ ಹೇಳಿದರು. ಅವರದೇನು ತಪ್ಪು? ಆ ದನಿಯವಳು ಅಲ್ಲೇ ನಿಂತಿದ್ದಾಳೆಂದು ಅವರಿಗೆ ಹೇಗೆ ಗೊತ್ತಾಗಬೇಕು? ನನ್ನತ್ತ ತಿರುಗಿ, "ಒಪ್ಪಿಗಿ ಕೊಟ್ಟಿದ್ದಕ್ಕ ನಿಮಗ ಭಾಳ ಉಪಕಾರ ಆತ್ರಿ ಅಜ್ಜಿ" ಎಂದರು.

"ಯಾವ ಒಪ್ಪಿಗಿರಿ?"

ಅವರು ಮೇಜಿನ ಮೇಲಿದ್ದ ಫೈಲು ತೆರೆದು ತೋರಿಸಿದರು. ನನ್ನ ಹೆಸರು. ಅದರ ಕೆಳಗೆ ನೇರಳೆ ಬಣ್ಣದ ಹೆಬ್ಬೆಟ್ಟು. ಮುಂದಿನ ಹಾಳೆಯಲ್ಲಿ ಗೆಳತಿಯ ಹೆಸರು, ಅದಕ್ಕೂ ಹೆಬ್ಬೆಟ್ಟು. ನಾನು ಏಳನೇ ಇಯತ್ತೆವರೆಗೆ ಓದಿದವಳು. ಈ ಹುಡುಗಿಯ ತಾಯಿಯ ಮಾರ್ಕ್ಸ್ ಕಾರ್ಡಿಗೆಲ್ಲ ಸಹಿ ಹಾಕಿದ್ದು ನಾನು. ಹಳ್ಳಿಯ ಮುದುಕಿ ಎಂದರೆ ಹೆಬ್ಬೆಟ್ಟೇ ಇರಬೇಕು, ಯಾರೂ ಕೇಳುವುದಿಲ್ಲ ಎಂದು ಅವಳು ಲೆಕ್ಕ ಹಾಕಿದ್ದಳು. ಮಗುಚಿಟ್ಟ ಫೋನಿನಲ್ಲಿ ಕದ್ದು ದನಿ ಹಿಡಿದಿದ್ದಕ್ಕಿಂತ ಇದೇ ನನ್ನನ್ನು ಹೆಚ್ಚು ಸುಟ್ಟಿತು. ನನ್ನನ್ನು ನೋಡಿಯೂ ನೋಡಿರಲಿಲ್ಲ ಅವಳು.

ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಹೂಂ ಎಂದರೆ ಅವಳು ಪಾರು.

"ಈ ಹೆಬ್ಬೆಟ್ಟು ನಂದಲ್ರಿ" ಎಂದೆ. "ನನಗ ಸಹಿ ಬರ್ತೈತಿ. ಅಕಿಗೂ ಬರ್ತೈತಿ."

ಮೇಡಂ ಫೈಲು ಮುಚ್ಚಿ ಎತ್ತಿಕೊಂಡರು. ಮೊಮ್ಮಗಳು ನನ್ನ ತೋಳು ಹಿಡಿದಳು.

"ಆಯಿ, ಮುಂಚೆ ಹೇಳಿದ್ರ ನೀವು ಟಿವಿಯೊಳಗಿನವ್ರಂಗ ಮಾತಾಡ್ತಿದ್ರಿ. ಅದಕ್ಕ ಹೇಳಲಿಲ್ಲ."

"ಮತ್ತ ಅಕಿ ಮಾತು? ಊರ ಮುಂದ ಹಚ್ಚೂ ಮಾತೇನ ಅದು?"

"ಅದರಾಗ ಒಂದೂ ತಪ್ಪು ಬಿದ್ದಿರಲಿಲ್ಲ. ಅದಕ್ಕ ಆರಿಸಿದ್ದೆ. ಏನ ಮಾತು ಅಂತ ನಾ ಲಕ್ಷ್ಯ ಕೊಟ್ಟ ಕೇಳೇ ಇಲ್ಲ, ಖರೇನ ಆಯಿ."

ಖರೇ ಇರಬೇಕು. ಹತ್ತು ದಿನ ಎದುರಿಗೆ ಕೂತವಳು ಕೇಳಿಯೇ ಇರಲಿಲ್ಲ ಎಂಬುದು ನನಗೇನೂ ಸಮಾಧಾನ ಕೊಡಲಿಲ್ಲ.

ನರಗುಂದದಲ್ಲಿ ಬಸ್ಸು ಬದಲಿಸಲು ಇಳಿದಾಗ ಗೆಳತಿ ಮೊದಲ ಸಲ ಬಾಯಿ ಬಿಟ್ಟಳು.

"ನಿನಗ ಗೊತ್ತಿತ್ತೇನ ಯಕ್ಕಾ?"

"ಇಲ್ಲವ್ವಾ."

"ಮತ್ತ ಅಷ್ಟ ಹಟ ಮಾಡಿ ಯಾಕ ಕರಕೊಂಡ ಹೋದಿ?"

ನಾನು ಅವಳ ಚೀಲವನ್ನೂ ಎತ್ತಿಕೊಂಡು ರೋಣದ ಬಸ್ಸು ಹುಡುಕಲು ಹೊರಟೆ. ಊರಿಗೆ ಬಂದ ಮೇಲೆ ಅವಳು ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ನಾನು ಕೊಟ್ಟು ಕಳಿಸಿದ ಹೋಳಿಗೆ ತಟ್ಟೆಯ ಸಮೇತ ನನ್ನ ಸೊಸೆಯ ಕೈಯಲ್ಲೇ ತಿರುಗಿ ಬಂತು.

ವಿಶ್ವವಿದ್ಯಾಲಯದವರು ಮೊಮ್ಮಗಳ ಪ್ರಾಜೆಕ್ಟನ್ನು ತಡೆಹಿಡಿದರು. ನಮ್ಮಿಬ್ಬರ ಮಾತನ್ನು ಅಳಿಸಿ, ಬೇರೆಯವರನ್ನು ಕೇಳಿ, ಒಪ್ಪಿಗೆ ಪಡೆದು ಮತ್ತೆ ಮಾಡು ಎಂದರಂತೆ. ಅವಳು ಯಾವಗಲ್, ಲಕ್ಕಲಕಟ್ಟಿ ಎಂಬ ಹಳ್ಳಿಗಳಿಗೆ ಬಸ್ಸಿನಲ್ಲಿ ಓಡಾಡಿ, ಕಟ್ಟೆಯ ಮೇಲೆ ಕೂತವರಿಗೆ ಮೊದಲೇ ಹೇಳಿ ಮಾತು ಹಿಡಿದಳು. ಅರ್ಧ ತಾಸು ಟಿವಿಯವರಂತೆ ಮಾತಾಡಿ, ಆಮೇಲೆ ಎಲ್ಲರೂ ತಮ್ಮಂತೆಯೇ ಮಾತಾಡಿದರಂತೆ. ಅಷ್ಟು ಕಾಯುವ ತಾಳ್ಮೆ ನಮ್ಮ ಹಿತ್ತಲಿನಲ್ಲಿ ಇರಲಿಲ್ಲವೇ ಎಂದು ಫೋನಿನಲ್ಲೇ ಕೇಳಿದೆ.

ಈ ಬೇಸಿಗೆ ಅವಳು ಬಂದಾಗ ನಾನು ಅವಳನ್ನು ಒಳಗೆ ಕರೆಯಲಿಲ್ಲ. "ಮೊದಲ ಬಾಜೂ ಮನಿಗೆ ಹೋಗು" ಎಂದೆ. ಅವಳ ಜೊತೆ ನಾನೂ ಹೊರಟೆ. ಗೆಳತಿ ಬಾಗಿಲಲ್ಲಿ ನಿಂತು, "ಅಕಿ ಒಬ್ಬಾಕಿನ ಬರ್ಲಿ. ನೀ ಬ್ಯಾಡ" ಎಂದಳು.

ನಾನು ನಮ್ಮ ಕಟ್ಟೆಯ ಮೇಲೆ ಕೂತೆ. ಗೋಡೆಗೆ ಕಿವಿ ಹಚ್ಚುವ ಆಸೆಯಾಯಿತು, ಎರಡು ಹೆಜ್ಜೆ ಹೋಗಿಯೂ ಹೋದೆ, ನಾಚಿಕೆಯಾಗಿ ತಿರುಗಿ ಬಂದೆ. ಒಂದು ತಾಸಿನ ಮೇಲೆ ಮೊಮ್ಮಗಳು ಹೊರಬಂದಳು. ಕಣ್ಣು ಕೆಂಪಗಿದ್ದವು, ಕೈಯಲ್ಲಿ ಗೆಳತಿ ಕೊಟ್ಟ ಶೇಂಗಾ ಉಂಡಿ ಇತ್ತು. ಅವಳಿಗೆ ಕ್ಷಮೆ ಸಿಕ್ಕಿದೆ ಎಂದು ನನಗೆ ತಿಳಿಯಿತು.

ಮರುದಿನ ಗೆಳತಿ ಹಿಟ್ಟು ನಾದಿಕೊಂಡು ಬಂದು ಮಣೆಯ ಮುಂದೆ ಕೂತಳು. ನಾನು ಕೋಲು ಹಿಡಿದೆ.

"ಏನಂದ್ಳವ್ವಾ ಹುಡುಗಿ?"

"ಅದು ಅಕಿಂದು ನಂದು ಮಾತು."

"ನನಗೂ ಹೇಳಂಗಿಲ್ಲೇನ?"

ಅವಳು ಎಳೆ ಹೊಸೆಯುತ್ತಲೇ ಇದ್ದಳು. "ಹಿಟ್ಟು ಇನ್ನಷ್ಟು ಮೆತ್ತಗ ಇರಬೇಕಿತ್ತು" ಎಂದಳು. ಮಧ್ಯಾಹ್ನದವರೆಗೆ ಹಿಟ್ಟಿನ ಸುದ್ದಿ, ಬಿಸಿಲಿನ ಸುದ್ದಿ, ಅಷ್ಟೇ.