ಕೆಂಪು ಬೂಟಿನ ಕುಣಿತ

ಮೊನ್ನೆ ರಿವರ್‌ಸೈಡಿನ ಸಮಾರಂಭವೊಂದರಲ್ಲಿ ಉಕ್ರೇನಿನ ಹುಡುಗಿಯರು ಕೆಂಪು ಬೂಟು ತೊಟ್ಟು ತಮ್ಮ ನಾಡಿನ ಜನಪದ ಕುಣಿತ ಹೋಪಾಕ್ ಕುಣಿದರು. ಹಲಗೆಯ ಮೇಲೆ ಹಿಮ್ಮಡಿ ಬಿದ್ದ ಸದ್ದಿಗೇ ನನ್ನ ಕಾಲೂ ಕುರ್ಚಿಯಡಿ ತಾಳ ಹಾಕಿತು.

ನಾನು ಚಿಕ್ಕವಳಿದ್ದಾಗ, ಇದೇ ಪರದೇಶದ ಊರಿನ ಕಸರಾನಿ ಬಡಾವಣೆಯ ನಮ್ಮ ಮನೆಯಲ್ಲಿ ಅಮ್ಮ ಭರತನಾಟ್ಯ ಹೇಳಿಕೊಡುತ್ತಿದ್ದಳು. ನೆಲ ಮುಟ್ಟಿ ನಮಸ್ಕರಿಸದೆ ಒಂದು ಹೆಜ್ಜೆಯನ್ನೂ ಹಾಕುತ್ತಿರಲಿಲ್ಲ. ಶಾಲೆಯಲ್ಲಿ ಉಕ್ರೇನಿನ ಟೀಚರ್ ನನಗೆ ಹೋಪಾಕ್ ಕಲಿಸತೊಡಗಿದಾಗ, “ಬೂಟ್ ಹಾಕ್ಕೊಂಡು ಸ್ಟೇಜ್ ತುಳೀತಾರೇನೇ?” ಎಂದಿದ್ದಳು, ಅಷ್ಟೇ.

ಪ್ರದರ್ಶನದ ದಿನ ಬೂಟು ಮಾಯ. ಅಮ್ಮ ನನ್ನ ಜೊತೆ ಮಂಚದಡಿಯೆಲ್ಲ ಹುಡುಕಿದಳು, ಸೆರಗಿನಿಂದ ನನ್ನ ಕಣ್ಣೊರೆಸಿದಳು. ನಾನು ಪ್ರೇಕ್ಷಕರ ನಡುವೆ ಕೂತೆ.

ರಜೆಗೆ ಮೈಸೂರಿಗೆ ಹೊರಡುವಾಗ ಸೂಟ್‌ಕೇಸ್ ತೆಗೆದೆ. ತಳದಲ್ಲಿ, ಅಮ್ಮನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ನನ್ನ ಬೂಟು ಇತ್ತು. ಹಾಗೇ ಮತ್ತೆ ಸುತ್ತಿಟ್ಟೆ, ಕುಣಿಯುವುದನ್ನೇ ಬಿಟ್ಟೆ.

ಮೊನ್ನೆ ಪಕ್ಕದಲ್ಲೇ ಕೂತಿದ್ದ ಅಮ್ಮ ಜೋರಾಗಿ ಚಪ್ಪಾಳೆ ತಟ್ಟಿದಳು. “ಎಷ್ಟು ಚೆನ್ನಾಗಿದೆ ನೋಡೇ! ನೀನ್ಯಾಕೆ ಬಿಟ್ಬಿಟ್ಟೆ?”