ಸಂದರ್ಶನದಲ್ಲಿ ಚಾಚಿದ ಮಂಡಿ

ಅಧ್ಯಕ್ಷರು ನನ್ನ ಅಂಕಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ಪಂಚೆ ಎತ್ತಿ, ಊದಿದ ಮಂಡಿಯನ್ನು ನನ್ನ ಮುಂದೆ ಚಾಚಿದರು. ಅದು ಶಿವಮೊಗ್ಗದ ಹೊಸಮನೆಯಲ್ಲಿ, ಬಡ ವಿದ್ಯಾರ್ಥಿಗಳಿಗೆ ನೆರವು ಕೊಡುವ ಒಂದು ಟ್ರಸ್ಟಿನ ಸಂದರ್ಶನ. ನನ್ನ ಎಂಬಿಬಿಎಸ್ ಮೊದಲ ವರ್ಷದ ಫೀಸು ಆ ನೆರವನ್ನೇ ನಂಬಿಕೊಂಡಿತ್ತು. ಭದ್ರಾವತಿಯಿಂದ ಜೊತೆಗೆ ಬಂದಿದ್ದ ಅಪ್ಪ ಬಾಗಿಲಲ್ಲಿ ನಿಂತು, ನೋಡು ನೋಡು ಎಂದು ಕಣ್ಸನ್ನೆ ಮಾಡುತ್ತಿದ್ದರು.

ಮಂಡಿಯನ್ನು ಮೆಲ್ಲಗೆ ಒತ್ತಿದೆ. ಅಷ್ಟರಲ್ಲಿ ಉಳಿದ ಸದಸ್ಯರೂ ಬಿಪಿ ನೋಡಿಸಿಕೊಳ್ಳಲು ಅಂಗಿಯ ತೋಳು ಮಡಚತೊಡಗಿದರು. ಇನ್ನು ಸುಮ್ಮನಿದ್ದರೆ ಆಗದು ಎನಿಸಿತು.

"ಸಾರ್, ನಮಗಿನ್ನೂ ಅನಾಟಮಿ ನಡೀತಿದೆ. ಇಲ್ಲೀವರೆಗೂ ನಾನು ಮುಟ್ಟಿರೋದು ಹೆಣಗಳನ್ನ ಅಷ್ಟೇ" ಎಂದೆ.

ಮಂಡಿ ಸರಕ್ಕನೆ ಪಂಚೆಯೊಳಗೆ ಹೋಯಿತು. ತೋಳುಗಳೂ ಇಳಿದವು. ನೆರವೂ ಹೋಯಿತೆಂದುಕೊಂಡೆ. ಅಧ್ಯಕ್ಷರು ಅರ್ಜಿಗೆ ಸಹಿ ಹಾಕುತ್ತಾ, "ಬದುಕಿರೋರ ಪಾಠ ಯಾವಾಗ ಶುರುವಾಗುತ್ತೆ ಮಾರಾಯ್ತಿ? ಫೀಸು ನಾವು ಕಟ್ತೀವಿ, ಅದನ್ನ ಕಲ್ತು ಬಾ" ಎಂದರು.

ಈಗ ನಾನು ಮೂರನೇ ವರ್ಷ, ವಾರ್ಡಿಗೂ ಹೋಗುತ್ತೇನೆ. ಈ ಸಲ ನೆರವಿನ ನವೀಕರಣಕ್ಕೆ ಹೋದಾಗ ನಾನೇ ಮಂಡಿ ತೋರಿಸಿ ಎಂದೆ. ಅಧ್ಯಕ್ಷರು ಪಂಚೆಯನ್ನು ಬಿಗಿಯಾಗಿ ಹಿಡಿದುಕೊಂಡೇ ಕೇಳಿದರು: "ಕೈ ತೊಳ್ಕೊಂಡು ಬಂದಿದ್ದೀಯಾ?"